ಹುಲ್ಲಿನ ಇಟ್ಟಿಗೆ, ಮಣ್ಣಿನ ಇಟ್ಟಿಗೆ ಮತ್ತು ನಂಬಿಕೆಗೆ ಬೇಕಾದ ಲೆಕ್ಕ

ಹೈದರಾಬಾದಿನಿಂದ ಬೀದರಕ್ಕೋ ಹುಮನಾಬಾದಿಗೋ ರಸ್ತೆಯ ಮೂಲಕ ಹೋಗಿ ಬರುವ ನಮ್ಮ ಓದುಗರಿಗೆ ಕಂದಿ ಗ್ರಾಮವು ಅಪರಿಚಿತವಲ್ಲ. ಪಟಾನ್‌ಚೆರು ದಾಟಿ ಸಂಗಾರೆಡ್ಡಿಯನ್ನು ಸಮೀಪಿಸುವಾಗ ಹೆದ್ದಾರಿಯ ಬದಿಯಲ್ಲಿ ಐಐಟಿ ಹೈದರಾಬಾದಿನ ವಿಶಾಲವಾದ ಆವರಣ ಕಾಣಿಸುತ್ತದೆ. 2008ರಲ್ಲಿ ಆರಂಭವಾದ ಈ ಸಂಸ್ಥೆಯ ಆವರಣದಲ್ಲಿ 2021ರ ಸೆಪ್ಟೆಂಬರ್ ತಿಂಗಳಿನಲ್ಲಿ ಒಂದು ಪುಟ್ಟ ಕಟ್ಟಡದ ಉದ್ಘಾಟನೆ ನಡೆಯಿತು. ಅದು ಸಭಾಭವನವೂ ಅಲ್ಲ, ಪ್ರಯೋಗಾಲಯವೂ ಅಲ್ಲ. ಕಾವಲುಗಾರನೊಬ್ಬ ಕುಳಿತುಕೊಳ್ಳುವಷ್ಟು ಜಾಗದ ಕೊಠಡಿ. ಆದರೆ ಅದರ ಇಟ್ಟಿಗೆಗಳನ್ನು ಸುಟ್ಟ ಮಣ್ಣಿನಿಂದ ಮಾಡಿರಲಿಲ್ಲ. ಹೊಲದಲ್ಲಿ ಉಳಿದ ಹುಲ್ಲು, ಕಡ್ಡಿ, ಸಿಪ್ಪೆಗಳಿಂದ ಮಾಡಲಾಗಿತ್ತು.

ಆ ದಿನ ಪತ್ರಿಕೆಗಳಲ್ಲಿ ಸುದ್ದಿ ಓದಿದ ಅನೇಕರು ಸಹಜವಾಗಿಯೇ ಒಂದು ಪ್ರಶ್ನೆ ಕೇಳಿದ್ದಿರಬಹುದು: "ಇಷ್ಟು ಒಳ್ಳೆಯ ಇಟ್ಟಿಗೆಯಾದರೆ ನಮ್ಮ ಮನೆಗೆ ಏಕೆ ಸಿಗುವುದಿಲ್ಲ?" ಈ ಪ್ರಶ್ನೆಗೆ ಉತ್ತರವು ಇಟ್ಟಿಗೆಯಲ್ಲಿ ಅರ್ಧ ಮಾತ್ರ ಇದೆ. ಉಳಿದರ್ಧವು ಆ ಇಟ್ಟಿಗೆಯ ಬಗೆಗಿನ ಅಂಕಿ ಅಂಶಗಳಲ್ಲಿ, ಅವುಗಳನ್ನು ಯಾರು, ಹೇಗೆ, ಯಾವ ಅಳತೆಗೋಲಿನಿಂದ ಬರೆದಿಟ್ಟಿದ್ದಾರೆ ಎಂಬುದರಲ್ಲಿ ಇದೆ. ಕಾಚಿಗುಡದಿಂದ ಕೊಂಡಾಪುರದವರೆಗೆ ನೆಲೆಸಿ, ಮನೆ ಕಟ್ಟಿಸುತ್ತಿರುವ ಅಥವಾ ಫ್ಲ್ಯಾಟ್ ಕೊಳ್ಳಲು ಯೋಚಿಸುತ್ತಿರುವ ನಮ್ಮ ಕುಟುಂಬಗಳಿಗೆ ಉಪಯೋಗವಾಗಲೆಂದು ಈ ವಿಷಯವನ್ನು ಸರಳವಾಗಿ ವಿವರಿಸಲು ಇಲ್ಲಿ ಪ್ರಯತ್ನಿಸಿದ್ದೇವೆ.

ಹೊಲದ ತ್ಯಾಜ್ಯ ಗೋಡೆಯಾದ ಬಗೆ

ನಮ್ಮ ದೇಶದ ಹೊಲಗಳಲ್ಲಿ ಪ್ರತಿ ವರ್ಷ ಸುಮಾರು 50 ಕೋಟಿ ಟನ್ನಿನಷ್ಟು ಬೆಳೆಯ ಉಳಿಕೆ ಉತ್ಪತ್ತಿಯಾಗುತ್ತದೆ ಎಂದು ಸರ್ಕಾರದ ಅಂದಾಜುಗಳು ಹೇಳುತ್ತವೆ. ಅದರಲ್ಲಿ ಬಹುಪಾಲು ದನಕರುಗಳ ಮೇವಾಗಿ, ಉರುವಲಾಗಿ, ಗೊಬ್ಬರವಾಗಿ ಬಳಕೆಯಾಗುತ್ತದೆ. ಆದರೂ ದೊಡ್ಡದೊಂದು ಪಾಲನ್ನು ಹೊಲದಲ್ಲೇ ಸುಡಲಾಗುತ್ತದೆ. ಹತ್ತಿ ಬೆಳೆಯುವ ರಾಯಚೂರು, ಕಲಬುರಗಿ ಸೀಮೆಯವರಿಗೆ ಬಿಡಿಸಿ ಮುಗಿದ ಹೊಲದಲ್ಲಿ ರಾಶಿ ಬೀಳುವ ಹತ್ತಿಕಟ್ಟಿಗೆಯನ್ನು ಕುರಿತು ನಾವು ಹೇಳಬೇಕಾದದ್ದಿಲ್ಲ.

ಐಐಟಿ ಹೈದರಾಬಾದಿನ ವಿನ್ಯಾಸ ವಿಭಾಗದ ಸಂಶೋಧಕ ಪ್ರಿಯಬ್ರತ ರೌತ್ರಾಯ್ ಅವರು ಭುವನೇಶ್ವರದ ಕೆಐಐಟಿ ಸಂಸ್ಥೆಯ ಅವಿಕ್ ರಾಯ್ ಅವರೊಂದಿಗೆ ಸೇರಿ ಇಂತಹ ಉಳಿಕೆಯಿಂದ ಇಟ್ಟಿಗೆ ಮಾಡುವ ವಿಧಾನವನ್ನು ರೂಪಿಸಿದರು. ಭತ್ತದ ಹುಲ್ಲು, ಗೋಧಿಯ ಹುಲ್ಲು, ಕಬ್ಬಿನ ಸಿಪ್ಪೆ, ಹತ್ತಿಕಟ್ಟಿಗೆ ಮುಂತಾದವುಗಳನ್ನು ಸಣ್ಣಗೆ ಕತ್ತರಿಸಿ, ಸುಣ್ಣ ಪ್ರಧಾನವಾದ ಗಾರೆಯಲ್ಲಿ ಕಲಸಿ, ಅಚ್ಚಿಗೆ ತುಂಬಿ ಅದುಮುತ್ತಾರೆ. ಒಂದೆರಡು ದಿನಗಳಾದ ಮೇಲೆ ಅಚ್ಚಿನಿಂದ ತೆಗೆದು ಹದಿನೈದು ಇಪ್ಪತ್ತು ದಿನ ಗಾಳಿಗೆ ಒಣಗಿಸುತ್ತಾರೆ. ಸಾಕಷ್ಟು ಬಲ ಬರಲು ಸುಮಾರು ಒಂದು ತಿಂಗಳು ಬೇಕು. ಭಟ್ಟಿಯೂ ಇಲ್ಲ, ಬೆಂಕಿಯೂ ಇಲ್ಲ.

ಈ ಇಟ್ಟಿಗೆಯ ಗುಣಾವಗುಣಗಳನ್ನು ಸಂಶೋಧಕರೇ ಮುಚ್ಚುಮರೆಯಿಲ್ಲದೆ ಹೇಳಿದ್ದಾರೆ. ಇದರ ತೂಕ ಸುಟ್ಟ ಇಟ್ಟಿಗೆಯ ಸುಮಾರು ಎಂಟನೆಯ ಒಂದು ಪಾಲು. ಶಾಖವನ್ನೂ ಶಬ್ದವನ್ನೂ ಚೆನ್ನಾಗಿ ತಡೆಯುತ್ತದೆ. ಆದರೆ ಸುಟ್ಟ ಇಟ್ಟಿಗೆಯಷ್ಟು ಬಲವಿಲ್ಲ. ಛಾವಣಿಯ ಭಾರವನ್ನು ಇದರ ಮೇಲೆ ಹೊರಿಸುವಂತಿಲ್ಲ. ಆದ್ದರಿಂದಲೇ ಕಂದಿಯ ಕೊಠಡಿಗೆ ಲೋಹದ ಚೌಕಟ್ಟು ನಿಲ್ಲಿಸಿ, ಅದರ ನಡುವೆ ಈ ಇಟ್ಟಿಗೆಗಳನ್ನು ಜೋಡಿಸಿ, ಮಳೆಗಾಳಿಯಿಂದ ರಕ್ಷಿಸಲು ಒಳಗೂ ಹೊರಗೂ ಸಿಮೆಂಟ್ ಗಿಲಾವು ಮಾಡಲಾಯಿತು.

ಇಷ್ಟು ತಿಳಿದ ಮೇಲೆ ಇದು ಪರಿಸರಕ್ಕೆ ಒಳ್ಳೆಯದು ಎಂದು ಘೋಷಿಸಿಬಿಡಬಹುದೇ? ಹುಲ್ಲು ಬೆಳೆಯುವಾಗ ಗಾಳಿಯಿಂದ ಹೀರಿದ ಇಂಗಾಲ ಗೋಡೆಯಲ್ಲಿ ಉಳಿಯುತ್ತದೆ. ಇದು ಲಾಭದ ಬಾಬತ್ತು. ಆದರೆ ಗಾರೆಯ ಸುಣ್ಣವನ್ನು ಸುಮಾರು 900 ಡಿಗ್ರಿ ಸೆಲ್ಸಿಯಸ್ ಶಾಖದಲ್ಲಿ ಸುಣ್ಣದಕಲ್ಲನ್ನು ಸುಟ್ಟು ಪಡೆಯಬೇಕು. ಆಗ ಇಂಧನದ ಹೊಗೆಯೂ ಕಲ್ಲಿನೊಳಗಿನ ಇಂಗಾಲದ ಡೈಆಕ್ಸೈಡೂ ಹೊರಬೀಳುತ್ತವೆ. ಇದು ನಷ್ಟದ ಬಾಬತ್ತು. ಗಟ್ಟಿಯಾಗುವಾಗ ಅದೇ ಸುಣ್ಣ ಗಾಳಿಯಿಂದ ಸ್ವಲ್ಪ ಇಂಗಾಲವನ್ನು ಮರಳಿ ಪಡೆಯುತ್ತದೆ. ಮೇಲಿನ ಸಿಮೆಂಟ್ ಗಿಲಾವನ್ನೂ ಲೋಹದ ಚೌಕಟ್ಟನ್ನೂ ಲೆಕ್ಕಕ್ಕೆ ಸೇರಿಸಬೇಕೇ ಬೇಡವೇ? ಎಲ್ಲಿಂದ ಆರಂಭಿಸಿ ಎಲ್ಲಿಗೆ ಲೆಕ್ಕ ನಿಲ್ಲಿಸಬೇಕು? ಇದನ್ನು ಮೊದಲೇ ನಿಶ್ಚಯಿಸದಿದ್ದರೆ ಒಂದೇ ಇಟ್ಟಿಗೆಗೆ ನಾಲ್ವರು ನಾಲ್ಕು ಉತ್ತರ ಕೊಡುತ್ತಾರೆ.

ಬೆಂಗಳೂರಿನ ಹಳೆಯ ಪಾಠ

ಇಂತಹದೇ ಸಮಸ್ಯೆಯನ್ನು ಅರ್ಧ ಶತಮಾನದ ಹಿಂದೆ ನಮ್ಮ ಕರ್ನಾಟಕದಲ್ಲೇ ಒಂದು ವಿದ್ಯಾಸಂಸ್ಥೆ ಎದುರಿಸಿತ್ತು. ಬೆಂಗಳೂರಿನಲ್ಲಿ ಜನ ಇಂದಿಗೂ 'ಟಾಟಾ ಇನ್‌ಸ್ಟಿಟ್ಯೂಟ್' ಎಂದೇ ಕರೆಯುವ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ 1974ರಲ್ಲಿ ಪ್ರೊ. ಅಮೂಲ್ಯ ಕುಮಾರ್ ಎನ್. ರೆಡ್ಡಿ ಅವರ ನೇತೃತ್ವದಲ್ಲಿ 'ಅಸ್ತ್ರ' ಎಂಬ ಘಟಕ ಸ್ಥಾಪನೆಯಾಯಿತು. ವಿಜ್ಞಾನ ತಂತ್ರಜ್ಞಾನಗಳನ್ನು ಹಳ್ಳಿಗಳ ಅಗತ್ಯಕ್ಕೆ ಒಗ್ಗಿಸುವುದು ಅದರ ಉದ್ದೇಶ. ತುಮಕೂರು ಜಿಲ್ಲೆಯ ಉಂಗ್ರ ಗ್ರಾಮದಲ್ಲಿ ಅದರ ವಿಸ್ತರಣಾ ಕೇಂದ್ರವಿತ್ತು. ಕಡಿಮೆ ಸೌದೆಯಲ್ಲಿ ಉರಿಯುವ 'ಅಸ್ತ್ರ ಒಲೆ'ಯನ್ನು ನಮ್ಮ ಓದುಗರಲ್ಲಿ ಕೆಲವರು ತವರಿನ ಅಡುಗೆಮನೆಯಲ್ಲಿ ಕಂಡಿರಬಹುದು. ಈ ಘಟಕವೇ ಮುಂದೆ ಸುಸ್ಥಿರ ತಂತ್ರಜ್ಞಾನಗಳ ಕೇಂದ್ರವಾಗಿ ಬೆಳೆಯಿತು.

ಪ್ರೊ. ಕೆ. ಎಸ್. ಜಗದೀಶ್ ಮತ್ತು ಪ್ರೊ. ಬಿ. ವಿ. ವೆಂಕಟರಾಮ ರೆಡ್ಡಿ ಅವರು ಇಲ್ಲಿ ಮಣ್ಣಿನ ಇಟ್ಟಿಗೆಯ ಮೇಲೆ ದಶಕಗಳ ಕಾಲ ಕೆಲಸ ಮಾಡಿದರು. ಮರಳು ಮಿಶ್ರಿತ ಮಣ್ಣಿಗೆ ಶೇ. 6ರಿಂದ 8ರಷ್ಟು ಸಿಮೆಂಟ್ ಬೆರೆಸಿ, ಹದವಾಗಿ ನೀರು ಚಿಮುಕಿಸಿ, ಕೈಯಿಂದ ನಡೆಸುವ ಯಂತ್ರದಲ್ಲಿ ಒತ್ತಿ, ಮೂರು ನಾಲ್ಕು ವಾರ ನೀರುಣಿಸಿದರೆ ಸುಡದೆಯೇ ಗಟ್ಟಿಯಾದ ಇಟ್ಟಿಗೆ ಸಿದ್ಧವಾಗುತ್ತದೆ. ಇದನ್ನು ಸ್ಥಿರೀಕರಿಸಿದ ಮಣ್ಣಿನ ಇಟ್ಟಿಗೆ ಎನ್ನುತ್ತಾರೆ. ಈ ಸಂಶೋಧನೆಯಿಂದ ಹೊರಬಂದ ಒತ್ತುಯಂತ್ರ 'ಮರ್ದಿನಿ' ಎಂಬ ಹೆಸರಿನಲ್ಲಿ ಪ್ರಸಿದ್ಧವಾಯಿತು. ಬೆಂಗಳೂರು ಮತ್ತು ಸುತ್ತಮುತ್ತ ಇಂತಹ ಇಟ್ಟಿಗೆಯ ಕಟ್ಟಡಗಳು ಇಂದು ಸಾವಿರಾರು ಇವೆ.

ಆದರೆ ಎಲ್ಲ ಮಣ್ಣೂ ಇದಕ್ಕೆ ಒದಗುವುದಿಲ್ಲ. ಬೆಂಗಳೂರಿನ ಕೆಮ್ಮಣ್ಣು ಒಗ್ಗಿಕೊಳ್ಳುತ್ತದೆ. ಕಲಬುರಗಿ, ಬೀದರ ಸೀಮೆಯ ಎರೆಮಣ್ಣು ನೀರು ಕುಡಿದರೆ ಉಬ್ಬಿ, ಒಣಗಿದರೆ ಬಿರಿಯುತ್ತದೆ. ಅದನ್ನು ಇದ್ದಕ್ಕಿದ್ದಂತೆ ಬಳಸಲಾಗದು. ಆದ್ದರಿಂದ "ಮಣ್ಣಿನ ಇಟ್ಟಿಗೆ ಚೆನ್ನಾಗಿದೆ" ಎಂಬ ಮಾತಿಗೆ ಅರ್ಥ ಬರಬೇಕಾದರೆ ಯಾವ ಮಣ್ಣು, ಎಷ್ಟು ಸಿಮೆಂಟ್, ಎಷ್ಟು ಒತ್ತಡ, ನೀರಿನಲ್ಲಿ ನೆನೆಸಿದ ಮೇಲೆ ಎಷ್ಟು ಬಲ ಎಂಬುದೆಲ್ಲವೂ ಬರವಣಿಗೆಯಲ್ಲಿರಬೇಕು. ಒಣಗಿದ್ದಾಗ ಗಟ್ಟಿಯಾಗಿ ಕಾಣುವ ಹಸಿಮಣ್ಣಿನ ಇಟ್ಟಿಗೆ ನೀರಿನಲ್ಲಿ ಕರಗಿಹೋಗುವುದುಂಟು. ಹಾಗಾಗಿ ನೆನೆದ ಸ್ಥಿತಿಯ ಬಲವೇ ನಂಬಲರ್ಹವಾದ ಅಳತೆ. ಇದನ್ನೆಲ್ಲ ವಿಧಿಸುವ ಭಾರತೀಯ ಮಾನಕವೇ ಐಎಸ್ 1725. ಅದು 1982ರಲ್ಲೂ ಬಳಿಕ 2013ರಲ್ಲೂ ಪರಿಷ್ಕರಣೆಗೊಂಡಿತು. ಸಂಶೋಧಕರ ಶ್ರಮಕ್ಕೆ ಇಂತಹ ಮಾನಕದ ಬೆಂಬಲವಿಲ್ಲದಿದ್ದರೆ ಎಂಜಿನಿಯರನು ನಕ್ಷೆಗೆ ಸಹಿ ಹಾಕಲು ಹಿಂಜರಿಯುತ್ತಾನೆ, ಬ್ಯಾಂಕು ಸಾಲ ಕೊಡಲು ಯೋಚಿಸುತ್ತದೆ, ಮೇಸ್ತ್ರಿಯು "ನಮಗೆ ಗೊತ್ತಿರುವ ಇಟ್ಟಿಗೆಯೇ ಸಾಕು" ಎನ್ನುತ್ತಾನೆ.

ಒಂದು ಇಟ್ಟಿಗೆಗೆ ಎಷ್ಟು ಶಕ್ತಿ?

ಲೆಕ್ಕದ ಮಹತ್ವವನ್ನು ತಿಳಿಯಲು ಇದೇ ಇಬ್ಬರು ಪ್ರಾಧ್ಯಾಪಕರು 2003ರಲ್ಲಿ 'ಎನರ್ಜಿ ಅಂಡ್ ಬಿಲ್ಡಿಂಗ್ಸ್' ಎಂಬ ಅಂತಾರಾಷ್ಟ್ರೀಯ ಪತ್ರಿಕೆಯಲ್ಲಿ ಪ್ರಕಟಿಸಿದ ಲೇಖನವೊಂದರ ಅಂಕಿಗಳನ್ನು ನೋಡೋಣ. ಒಂದು ವಸ್ತುವನ್ನು ತಯಾರಿಸಲು ವ್ಯಯವಾದ ಒಟ್ಟು ಶಕ್ತಿಯನ್ನು ಅಂತರ್ಗತ ಶಕ್ತಿ ಎನ್ನುತ್ತಾರೆ. ಅದನ್ನು ಮೆಗಾಜೂಲ್‌ಗಳಲ್ಲಿ ಅಳೆಯುತ್ತಾರೆ. ಆ ಲೇಖನದ ಪ್ರಕಾರ ಒಂದು ಸುಟ್ಟ ಇಟ್ಟಿಗೆಗೆ 4.25 ಮೆಗಾಜೂಲ್, ಶೇ. 6 ಸಿಮೆಂಟ್ ಇರುವ ಒಂದು ಮಣ್ಣಿನ ಇಟ್ಟಿಗೆಗೆ 2.60 ಮೆಗಾಜೂಲ್, ಒಂದು ಟೊಳ್ಳು ಕಾಂಕ್ರೀಟ್ ಬ್ಲಾಕಿಗೆ 12.30 ಮೆಗಾಜೂಲ್ ಬೇಕು.

ಇಷ್ಟನ್ನೇ ಓದಿದವರು ಏನೆಂದುಕೊಳ್ಳುತ್ತಾರೆ? ಕಾಂಕ್ರೀಟ್ ಬ್ಲಾಕು ಸುಟ್ಟ ಇಟ್ಟಿಗೆಗಿಂತ ಮೂರು ಪಟ್ಟು ಕೆಟ್ಟದ್ದು ಎಂದೇ ಅಲ್ಲವೇ? ಆದರೆ ಆ ಸುಟ್ಟ ಇಟ್ಟಿಗೆಯ ಅಳತೆ 230 × 105 × 70 ಮಿಲಿಮೀಟರ್. ಮಣ್ಣಿನ ಇಟ್ಟಿಗೆಯದು 230 × 190 × 100. ಕಾಂಕ್ರೀಟ್ ಬ್ಲಾಕಿನದು 400 × 200 × 200. ಅಂದರೆ ಒಂದು ಕಾಂಕ್ರೀಟ್ ಬ್ಲಾಕು ಗೋಡೆಯಲ್ಲಿ ಒಂಬತ್ತಕ್ಕೂ ಹೆಚ್ಚು ಸುಟ್ಟ ಇಟ್ಟಿಗೆಗಳ ಜಾಗ ತುಂಬುತ್ತದೆ. ಒಂದು ಮಣ್ಣಿನ ಇಟ್ಟಿಗೆ ಎರಡೂವರೆ ಸುಟ್ಟ ಇಟ್ಟಿಗೆಗಳಿಗೆ ಸಮ. ಸುಟ್ಟ ಇಟ್ಟಿಗೆಯೊಂದರ ಗಾತ್ರಕ್ಕೆ ಸರಿದೂಗಿಸಿ ಲೆಕ್ಕ ಹಾಕಿದರೆ ಚಿತ್ರವೇ ಬದಲಾಗುತ್ತದೆ: ಸುಟ್ಟ ಇಟ್ಟಿಗೆ 4.25, ಕಾಂಕ್ರೀಟ್ ಬ್ಲಾಕ್ ಸುಮಾರು 1.3, ಮಣ್ಣಿನ ಇಟ್ಟಿಗೆ 1.00 ಮೆಗಾಜೂಲ್. ಕೊನೆಯಲ್ಲಿದ್ದ ಕಾಂಕ್ರೀಟ್ ಬ್ಲಾಕು ಎರಡನೆಯ ಸ್ಥಾನಕ್ಕೆ ಬಂದಿತು. ಸುಟ್ಟ ಇಟ್ಟಿಗೆಗಿಂತ ಸ್ವಲ್ಪವೇ ಮೇಲು ಎಂಬಂತಿದ್ದ ಮಣ್ಣಿನ ಇಟ್ಟಿಗೆ ಅದರ ಕಾಲು ಭಾಗಕ್ಕಿಂತ ಕಡಿಮೆ ಶಕ್ತಿಯನ್ನು ಬೇಡುತ್ತದೆಂದು ತಿಳಿಯಿತು.

ಅಂಕಿಗಳು ಯಾವುವೂ ಸುಳ್ಳಲ್ಲ. ಮೊದಲ ಸಾಲಿನ ಅಂಕಿಗಳೂ ನಿಜ, ಎರಡನೆಯ ಸಾಲಿನವೂ ನಿಜ. ಬದಲಾದದ್ದು ಹೋಲಿಕೆಯ ಘಟಕ ಮಾತ್ರ. ಮಾರಾಟಗಾರನೊಬ್ಬನು ತನಗೆ ಅನುಕೂಲವಾದ ಘಟಕವನ್ನು ಆರಿಸಿಕೊಂಡರೆ ಒಂದೂ ಸುಳ್ಳು ಹೇಳದೆ ಗ್ರಾಹಕನನ್ನು ದಾರಿತಪ್ಪಿಸಬಹುದು. ಇದನ್ನು ತಪ್ಪಿಸಲೆಂದೇ ದತ್ತಾಂಶಕ್ಕೆ ಮಾನಕಗಳು ಬೇಕು.

ದತ್ತಾಂಶದ ಮಾನಕ ಎಂದರೇನು?

ವಸ್ತುವಿಗೆ ಮಾನಕವಿದ್ದರೆ ಸಾಲದೇ, ಅದರ ಅಂಕಿಗಳಿಗೂ ಬೇಕೇ ಎಂದು ಕೇಳಬಹುದು. ಒಂದು ಚಿಕ್ಕ ಉದಾಹರಣೆ ಕೊಡುತ್ತೇವೆ. ಸುಟ್ಟ ಇಟ್ಟಿಗೆಯ ಮಾನಕವಾದ ಐಎಸ್ 1077 ಇಟ್ಟಿಗೆಗಳನ್ನು ಬಲದ ಪ್ರಕಾರ ವರ್ಗೀಕರಿಸುತ್ತದೆ. ಅತಿ ಕೆಳಗಿನ ವರ್ಗ 3.5, ಅತಿ ಮೇಲಿನ ವರ್ಗ 35. ಇವು ಪ್ರತಿ ಚದರ ಮಿಲಿಮೀಟರಿಗೆ ನ್ಯೂಟನ್ ಲೆಕ್ಕದಲ್ಲಿವೆ. ಆದರೆ ಹಳೆಯ ಲೆಕ್ಕವಾದ ಪ್ರತಿ ಚದರ ಸೆಂಟಿಮೀಟರಿಗೆ ಕಿಲೋಗ್ರಾಂನಲ್ಲಿ ಬರೆದರೆ ಅತಿ ಕೆಳಗಿನ ವರ್ಗವೇ 35 ಆಗುತ್ತದೆ! ಕಾಗದದ ಮೇಲೆ ಬರಿಯ '35' ಎಂದಿದ್ದರೆ ಅದು ಅತ್ಯುತ್ತಮ ಇಟ್ಟಿಗೆಯೋ ಅತಿ ದುರ್ಬಲ ಇಟ್ಟಿಗೆಯೋ ತಿಳಿಯದು. ಅನುಭವಿ ಮೇಸ್ತ್ರಿ ಇಟ್ಟಿಗೆಯನ್ನು ಕೈಯಲ್ಲಿ ಹಿಡಿದು, ತಟ್ಟಿ ಸದ್ದು ಕೇಳಿ ಸತ್ಯ ತಿಳಿದಾನು. ಗಣಕಯಂತ್ರಕ್ಕೆ ಆ ಅನುಭವವಿಲ್ಲ. ಅದು ಬರೆದದ್ದನ್ನು ಬರೆದಂತೆಯೇ ನಂಬುತ್ತದೆ.

ಇಂದು ದೊಡ್ಡ ಕಟ್ಟಡಗಳ ನಕ್ಷೆ, ಲೆಕ್ಕ, ಖರೀದಿ ಎಲ್ಲವೂ ಗಣಕಯಂತ್ರದಲ್ಲೇ ನಡೆಯುತ್ತವೆ. ಹೀಗಾಗಿ ಅಂಕಿಯ ಜೊತೆಗೆ ಅದರ ಘಟಕ, ಪರೀಕ್ಷೆಯ ವಿಧಾನ, ದಿನಾಂಕ, ಪರೀಕ್ಷಿಸಿದವರು ಯಾರು ಎಂಬುದೆಲ್ಲವೂ ನಿಶ್ಚಿತವಾದ ರೂಪದಲ್ಲಿ ಇರಬೇಕೆಂಬ ನಿಯಮಗಳು ರೂಪುಗೊಂಡಿವೆ. ಯಂತ್ರೋತ್ಪನ್ನಗಳ ವಿವರವನ್ನು ಒಂದು ತಂತ್ರಾಂಶದಿಂದ ಇನ್ನೊಂದಕ್ಕೆ ಸಾಗಿಸಲು ಐಎಸ್‌ಒ 10303 ಎಂಬ ಮಾನಕವಿದೆ. ಕಟ್ಟಡದ ಗೋಡೆ, ಬಾಗಿಲು, ಕಿಟಕಿಗಳನ್ನು ಅವುಗಳ ಗುಣಗಳ ಸಮೇತ ವರ್ಣಿಸಲು ಐಎಸ್‌ಒ 16739 ಇದೆ. ಒಂದು ವಸ್ತುವಿನ ಹುಟ್ಟಿನಿಂದ ವಿಲೇವಾರಿಯವರೆಗೆ ಪರಿಸರದ ಮೇಲಾಗುವ ಪರಿಣಾಮವನ್ನು ಲೆಕ್ಕ ಹಾಕುವ ಕ್ರಮವನ್ನು 2006ರ ಐಎಸ್‌ಒ 14040 ಮತ್ತು 14044 ತಿಳಿಸುತ್ತವೆ. ಆ ಲೆಕ್ಕವನ್ನು ಮೂರನೆಯವರಿಂದ ಪರಿಶೀಲಿಸಿ ಪ್ರಕಟಿಸುವ ರೀತಿಯನ್ನು ಐಎಸ್‌ಒ 14025 ವಿಧಿಸುತ್ತದೆ. ಇಂತಹ ಪ್ರಕಟಣೆಯನ್ನು ಪರಿಸರ ಉತ್ಪನ್ನ ಘೋಷಣೆ ಎಂದು ಕರೆಯುತ್ತಾರೆ. ಔಷಧಿಯ ಪೊಟ್ಟಣದ ಮೇಲೆ ಅದರಲ್ಲಿ ಏನೇನಿದೆ ಎಂದು ಮುದ್ರಿಸಿರುವಂತೆ ಇದು ವಸ್ತುವಿನ ಪರಿಸರದ ಋಣವನ್ನು ಮುದ್ರಿಸಿ ಹೇಳುತ್ತದೆ.

ಇದು ಕೇವಲ ಪರಿಸರಪ್ರೇಮಿಗಳ ವಿಷಯವಾಗಿ ಉಳಿದಿಲ್ಲ. ಉಕ್ಕು, ಅಲ್ಯೂಮಿನಿಯಂ, ಸಿಮೆಂಟ್ ಮುಂತಾದವುಗಳನ್ನು ಆಮದು ಮಾಡಿಕೊಳ್ಳುವವರು ಅವುಗಳ ಇಂಗಾಲದ ಲೆಕ್ಕವನ್ನು ಒಪ್ಪಿಸಬೇಕೆಂಬ ನಿಯಮವನ್ನು ಐರೋಪ್ಯ ಒಕ್ಕೂಟ 2023ರ ಅಕ್ಟೋಬರ್ 1ರಿಂದ ಜಾರಿಗೆ ತಂದಿತು. 2026ರ ಜನವರಿ 1ರಿಂದ ಆ ಲೆಕ್ಕದ ಮೇಲೆ ಹಣ ತೆರಬೇಕಾದ ಹಂತವೂ ಆರಂಭವಾಯಿತು. ಲೆಕ್ಕವನ್ನು ಒಪ್ಪಿತ ರೂಪದಲ್ಲಿ ಇಡಲಾರದ ಕಾರ್ಖಾನೆ ತನ್ನ ಮಾಲು ಎಷ್ಟೇ ಶುದ್ಧವಾಗಿದ್ದರೂ ಮಾರುಕಟ್ಟೆಯಲ್ಲಿ ಹಿಂದೆ ಬೀಳುವ ಕಾಲ ಬಂದಿದೆ.

ನಮ್ಮ ನಗರದ ಪಾತ್ರ

ಈ ಕಾರ್ಯದಲ್ಲಿ ಹೈದರಾಬಾದಿನ ಪಾತ್ರ ಸಣ್ಣದಲ್ಲ. ಹೈಟೆಕ್ ಸಿಟಿಯ ಬಳಿಯಿರುವ ಸೊಹ್ರಾಬ್‌ಜಿ ಗೋದ್ರೆಜ್ ಹಸಿರು ವ್ಯವಹಾರ ಕೇಂದ್ರವನ್ನು 2004ರ ಜುಲೈ 14ರಂದು ಅಂದಿನ ರಾಷ್ಟ್ರಪತಿ ಡಾ. ಎ. ಪಿ. ಜೆ. ಅಬ್ದುಲ್ ಕಲಾಂ ಅವರು ಉದ್ಘಾಟಿಸಿದರು. ಹಸಿರು ಕಟ್ಟಡಗಳಿಗೆ ನೀಡುವ ಲೀಡ್ ಪ್ಲಾಟಿನಂ ಶ್ರೇಯಾಂಕವನ್ನು ಅಮೆರಿಕದ ಹೊರಗೆ ಮೊದಲಿಗೆ ಪಡೆದ ಕಟ್ಟಡ ಅದು. 2001ರಲ್ಲಿ ಸ್ಥಾಪಿತವಾದ ಭಾರತೀಯ ಹಸಿರು ಕಟ್ಟಡ ಮಂಡಳಿಯ ಕೇಂದ್ರ ಕಚೇರಿಯೂ ಇದೇ ನಗರದಲ್ಲಿದೆ. ಕಟ್ಟಡ ಸಾಮಗ್ರಿಗಳಿಗೆ ಕೊಡುವ 'ಗ್ರೀನ್‌ಪ್ರೋ' ಎಂಬ ಗುರುತು ಇಲ್ಲಿಂದಲೇ ಹೊರಟಿತು. ಗಚ್ಚಿಬೌಲಿಯ ಐಐಐಟಿ ಹೈದರಾಬಾದ್ ತನ್ನ ಆವರಣದಲ್ಲಿ ಅಳವಡಿಸಿದ ಸಂವೇದಕಗಳ ಮಾಹಿತಿಯನ್ನು 'ಒನ್ಎಂ2ಎಂ' ಎಂಬ ಮುಕ್ತ ಅಂತಾರಾಷ್ಟ್ರೀಯ ಮಾನಕದಲ್ಲಿ ಸಂಗ್ರಹಿಸುತ್ತದೆ. ಬೇರೆ ಬೇರೆ ಕಂಪನಿಗಳ ಉಪಕರಣಗಳು ಒಂದೇ ಭಾಷೆಯಲ್ಲಿ ವರದಿ ಕೊಡುವಂತೆ ಮಾಡುವುದು ಇದರ ಉದ್ದೇಶ. ಗೋಡೆ ಕಟ್ಟಿದ ಮೇಲೆ ಒಳಗೆ ನಿಜವಾಗಿ ಎಷ್ಟು ತಂಪಿದೆ ಎಂಬುದನ್ನು ವರ್ಷಗಟ್ಟಲೆ ಅಳೆಯಬೇಕಾದರೆ ಇಂತಹ ವ್ಯವಸ್ಥೆ ಉಪಯುಕ್ತ. ರಾಜೇಂದ್ರನಗರದ ರಾಷ್ಟ್ರೀಯ ಗ್ರಾಮೀಣಾಭಿವೃದ್ಧಿ ಮತ್ತು ಪಂಚಾಯತ್ ರಾಜ್ ಸಂಸ್ಥೆಯ ಗ್ರಾಮೀಣ ತಂತ್ರಜ್ಞಾನ ಉದ್ಯಾನದಲ್ಲಿ ಮಣ್ಣಿನ ಇಟ್ಟಿಗೆಯ ಮನೆಗಳ ಮಾದರಿಗಳಿವೆ.

ಇಷ್ಟೆಲ್ಲ ಅನುಕೂಲವಿರುವ ನಗರದಲ್ಲಿಯೂ ಹುಲ್ಲಿನ ಇಟ್ಟಿಗೆ ಬೆಳೆಯಬೇಕಾದ ದಾರಿ ದೀರ್ಘವಾದುದೇ. ಮಳೆಯ ತೇವವನ್ನು ಅದು ಎಷ್ಟು ವರ್ಷ ತಾಳುತ್ತದೆ, ಗೆದ್ದಲು ಹಿಡಿಯುವುದೇ, ಬೆಂಕಿಗೆ ಎಷ್ಟು ಹೊತ್ತು ನಿಲ್ಲುತ್ತದೆ, ಭತ್ತದ ಹುಲ್ಲಿನ ಇಟ್ಟಿಗೆಗೂ ಹತ್ತಿಕಟ್ಟಿಗೆಯ ಇಟ್ಟಿಗೆಗೂ ವ್ಯತ್ಯಾಸವೆಷ್ಟು ಎಂಬಿವೇ ಮೊದಲಾದ ಪ್ರಶ್ನೆಗಳಿಗೆ ಪ್ರತಿಯೊಂದು ಹೊಸ ವಸ್ತುವೂ ಪರೀಕ್ಷೆಯ ಮೂಲಕವೇ ಉತ್ತರ ಕೊಡಬೇಕು. ಇದಕ್ಕೆ ಕಾಲ ಹಿಡಿಯುತ್ತದೆ. ಸುಟ್ಟ ಜೇಡಿಮಣ್ಣು ಮತ್ತು ಸುಣ್ಣದಕಲ್ಲಿನ ಪುಡಿಯನ್ನು ಸೇರಿಸಿ ಮಾಡುವ ಹೊಸ ಬಗೆಯ ಸಿಮೆಂಟ್ ಒಂದಿದೆ. ಭಟ್ಟಿಯಲ್ಲಿ ಸುಮಾರು 1450 ಡಿಗ್ರಿ ಶಾಖ ಬೇಡುವ ಕ್ಲಿಂಕರಿನ ಪಾಲನ್ನು ಅದು ಅರ್ಧದಷ್ಟಕ್ಕೆ ಇಳಿಸುತ್ತದೆ. ಸ್ವಿಟ್ಜರ್ಲೆಂಡಿನ ತಜ್ಞರೊಡನೆ ದೆಹಲಿ, ಮದ್ರಾಸ್ ಮೊದಲಾದ ಐಐಟಿಗಳು ಒಂದು ದಶಕಕ್ಕೂ ಮೀರಿ ದುಡಿದ ಬಳಿಕ 2023ರಲ್ಲಿ ಅದಕ್ಕೆ ಐಎಸ್ 18189 ಎಂಬ ಭಾರತೀಯ ಮಾನಕ ದೊರೆಯಿತು. ಪ್ರಯೋಗಾಲಯದ ಯಶಸ್ಸಿಗೂ ಅಂಗಡಿಯ ಚೀಲಕ್ಕೂ ನಡುವೆ ಅಷ್ಟು ದೂರವಿದೆ.

ನಾವು ಕೇಳಬೇಕಾದ ಪ್ರಶ್ನೆಗಳು

ಇದರಿಂದ ನಮ್ಮಂತಹ ಗೃಹಸ್ಥರಿಗೆ ಆಗುವ ಪ್ರಯೋಜನವೇನು? ಇಂದು ಜಾಹೀರಾತುಗಳಲ್ಲಿ 'ಹಸಿರು ಮನೆ' ಎಂಬ ಮಾತು ಹೇರಳವಾಗಿದೆ. ಅದನ್ನು ಕಂಡು ಮರುಳಾಗುವುದೂ ಬೇಡ, ಎಲ್ಲವೂ ಬೂಟಾಟಿಕೆಯೆಂದು ತಳ್ಳಿಹಾಕುವುದೂ ಬೇಡ. ಕಟ್ಟುವವರನ್ನು ನಾಲ್ಕು ಪ್ರಶ್ನೆ ಕೇಳೋಣ. ಗೋಡೆಗೆ ಬಳಸುವ ಇಟ್ಟಿಗೆ ಅಥವಾ ಬ್ಲಾಕಿಗೆ ಯಾವ ಐಎಸ್ ಸಂಖ್ಯೆ ಅನ್ವಯಿಸುತ್ತದೆ? ಪರೀಕ್ಷೆಯ ವರದಿ ಇದೆಯೇ, ಅದರಲ್ಲಿ ಅಂಕಿಯ ಪಕ್ಕದಲ್ಲಿ ಘಟಕ ಬರೆದಿದೆಯೇ? "ಶೇಕಡಾ ಇಷ್ಟು ಉಳಿತಾಯ" ಎಂದರೆ ಯಾವುದಕ್ಕೆ ಹೋಲಿಸಿ: ಒಂದು ಇಟ್ಟಿಗೆಗೋ, ಒಂದು ಕಿಲೋಗೋ, ಒಂದು ಚದರ ಮೀಟರ್ ಗೋಡೆಗೋ? ಆ ಲೆಕ್ಕವನ್ನು ಮಾರುವವರಲ್ಲದ ಬೇರೆ ಯಾರಾದರೂ ಪರಿಶೀಲಿಸಿದ್ದಾರೆಯೇ?

ಸ್ವಂತ ಮನೆ ಕಟ್ಟಿಸುವವರು ಮನೆಯಲ್ಲೇ ಒಂದು ಸಣ್ಣ ಪರೀಕ್ಷೆ ಮಾಡಬಹುದು. ಚೆನ್ನಾಗಿ ಒಣಗಿದ ಸುಟ್ಟ ಇಟ್ಟಿಗೆಯನ್ನು ತೂಗಿ, 24 ಗಂಟೆ ತಣ್ಣೀರಿನಲ್ಲಿ ಮುಳುಗಿಸಿ, ಒರೆಸಿ ಮತ್ತೆ ತೂಗಬೇಕು. ಸಾಮಾನ್ಯ ವರ್ಗದ ಇಟ್ಟಿಗೆ ತನ್ನ ತೂಕದ ಶೇ. 20ಕ್ಕಿಂತ ಹೆಚ್ಚು ನೀರು ಕುಡಿಯಬಾರದೆಂದು ಐಎಸ್ 1077 ಹೇಳುತ್ತದೆ. ಮೂರು ಕಿಲೋ ಇಟ್ಟಿಗೆ ಮೂರು ಕಿಲೋ ಆರುನೂರು ಗ್ರಾಂ ದಾಟಿದರೆ ಎಚ್ಚರ ವಹಿಸಬೇಕು. ಇದು ಪ್ರಯೋಗಾಲಯದ ವರದಿಗೆ ಬದಲಿಯಲ್ಲ; ಆದರೆ ವರದಿ ಕೇಳಲು ಧೈರ್ಯ ಕೊಡುತ್ತದೆ.

ನಮ್ಮ ಕುಟುಂಬಗಳ ಎಷ್ಟೋ ಮಕ್ಕಳು ಎಂಜಿನಿಯರಿಂಗ್ ಓದುತ್ತಿದ್ದಾರೆ, ತಂತ್ರಾಂಶ ಕ್ಷೇತ್ರದಲ್ಲಿ ದುಡಿಯುತ್ತಿದ್ದಾರೆ. ವಸ್ತುಗಳನ್ನು ಪರೀಕ್ಷಿಸುವವರೂ ದತ್ತಾಂಶವನ್ನು ಒಪ್ಪವಾಗಿ ಜೋಡಿಸುವವರೂ ಒಂದೇ ಮೇಜಿನ ಸುತ್ತ ಕುಳಿತರೆ ಮಾತ್ರ ಹೊಲದ ಹುಲ್ಲು ಊರಿನ ಗೋಡೆಯಾದೀತು. ಹೆಸರು ತರುವ ಹೊಸ ಆವಿಷ್ಕಾರದಷ್ಟೇ ಹೆಸರು ತರದ ಈ ಲೆಕ್ಕದ ಕೆಲಸಕ್ಕೂ ಜನ ಬೇಕಾಗಿದ್ದಾರೆ ಎಂಬುದನ್ನು ಮಕ್ಕಳಿಗೆ ತಿಳಿಸುವುದು ಹಿರಿಯರ ಕರ್ತವ್ಯವೆಂದು ನಾವು ಭಾವಿಸುತ್ತೇವೆ. ಮುಂದಿನ ಸಲ ಬೀದರದ ದಾರಿಯಲ್ಲಿ ಕಂದಿ ದಾಟುವಾಗ ಆ ಕಾವಲು ಕೊಠಡಿಯ ಕಥೆಯನ್ನು ಅವರಿಗೆ ಹೇಳಿ. ಒಂದು ಇಟ್ಟಿಗೆ ಹೇಗಾಯಿತು ಎಂಬುದರ ಜೊತೆಗೆ, ಅದನ್ನು ನಂಬಲು ಇನ್ನೂ ಏನೇನು ಅಳೆಯಬೇಕು ಎಂಬುದನ್ನೂ ಹೇಳಿ.